ಮನೆಯ ಸ್ಲಾಟ್ ಮಷೀನ್: ಕೈಕೊಟ್ಟ ವೈರಿಂಗ್ ಕನೆಕ್ಟರ್‌ಗಳ ದುರಸ್ತಿಗೆ ಸಮಗ್ರ ಮಾರ್ಗದರ್ಶಿ

ಗುಂಡಿ ಒತ್ತಿದರೆ ಚಿತ್ರಗಳಿರುವ ಮೂರು ರೀಲುಗಳಲ್ಲಿ ಎರಡು ಮಾತ್ರ ತಿರುಗುತ್ತವೆ, ಮೂರನೆಯದು ನಿಂತಲ್ಲೇ ನಡುಗುತ್ತದೆ. ಬಾಗಿಲು ಭದ್ರವಾಗಿ ಮುಚ್ಚಿದ್ದರೂ ‘ಬಾಗಿಲು ತೆರೆದಿದೆ’ ಎಂಬ ಸೂಚನೆ ಹೋಗುವುದಿಲ್ಲ. ಬಾಗಿಲಿಗೊಂದು ಏಟು ಕೊಟ್ಟರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ. ಇಂಥ ಮಷೀನ್ ಕಂಡ ಕೂಡಲೇ ‘ಬೋರ್ಡ್ ಹೋಗಿದೆ’ ಎಂದುಬಿಡುವವರೇ ಹೆಚ್ಚು. ಬೋರ್ಡಿನ ಬೆಲೆ ಕೇಳಿ ಕೈಚೆಲ್ಲಿ, ಮಷೀನನ್ನು ಮೂಲೆಗೆ ತಳ್ಳಿ ಮೇಲೊಂದು ಬೆಡ್‌ಶೀಟ್ ಹೊದಿಸಿಬಿಟ್ಟ ಮನೆಗಳೂ ಉಂಟು. ಆದರೆ ತಟ್ಟಿದರೆ ಸರಿಹೋಗಿ, ಬಿಟ್ಟರೆ ಕೆಡುವ ತೊಂದರೆ ಬೋರ್ಡಿಗಿಂತ ಹೆಚ್ಚಾಗಿ ವೈರು ಬೋರ್ಡನ್ನು ಸೇರುವ ಜಾಗದಲ್ಲಿರುತ್ತದೆ. ನಮ್ಮ ಮೆಕ್ಯಾನಿಕ್‌ಗಳ ಮಾತಿನಲ್ಲಿ ಅದು ‘ಲೂಸ್ ಕಾಂಟ್ಯಾಕ್ಟ್’. ಕನೆಕ್ಟರನ್ನು ಕತ್ತರಿಸಿ, ವೈರುಗಳನ್ನು ನೇರ ತಿರುಚಿ, ಟೇಪ್ ಸುತ್ತುವುದು ದುರಸ್ತಿಯಲ್ಲ. ಕೆಟ್ಟ ಪಿನ್ ಹೊರತೆಗೆದು ಹೊಸ ಪಿನ್ ಕ್ರಿಂಪ್ ಮಾಡಿ, ಅಂದರೆ ಅದರ ಲೋಹದ ರೆಕ್ಕೆಗಳನ್ನು ವೈರಿನ ಮೇಲೆ ಟೂಲಿನಲ್ಲಿ ಅದುಮಿ, ಕೂರಿಸುವುದು ದುರಸ್ತಿ. ಈ ಬರಹವೆಲ್ಲ ಅದನ್ನು ಹೇಗೆ ಮಾಡಬೇಕು ಎಂಬುದರ ಬಗ್ಗೆ.

ಬೆಂಗಳೂರಿನ ಮನೆಗಳಿಗೆ ಈ ಯಂತ್ರಗಳು ಹೆಚ್ಚಾಗಿ ವಿದೇಶದಿಂದ ಹಿಂತಿರುಗಿದವರ ಮನೆ ಸಾಮಾನಿನ ಜೊತೆ ಬರುತ್ತವೆ. ಅಮೆರಿಕದಿಂದ ಬಂದದ್ದಾದರೆ ಐಜಿಟಿ ಕಂಪನಿಯ ಎಸ್-ಪ್ಲಸ್‌ನಂಥ, ಕ್ಯಾಸಿನೋದಿಂದ ನಿವೃತ್ತಿಯಾದ ಯಂತ್ರ. ಜಪಾನಿನಿಂದ ಬಂದದ್ದಾದರೆ ಪಾಚಿಸ್ಲೋ: ಪ್ರತಿ ರೀಲಿಗೂ ಒಂದೊಂದು ನಿಲ್ಲಿಸುವ ಗುಂಡಿ, ಆಡಲು 25 ಮಿ.ಮೀ. ಅಗಲದ ಟೋಕನ್. ಯಾವುದೇ ಇರಲಿ, ಮನೆಯಲ್ಲಿ ಟೋಕನ್ ಹಾಕಿ ಆಡುವ ಆಟಿಕೆಯಾಗಿಯೇ ಉಳಿಯಲಿ. ಹಣ ಪಣಕ್ಕಿಟ್ಟು ಆಡಿಸಿದರೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಜೂಜಿನ ಕಲಮುಗಳು ನಿಮ್ಮ ಮನೆ ಬಾಗಿಲಿಗೆ ಬರುತ್ತವೆ.

ಕರೆಂಟಿನ ವಿಚಾರ ಮೊದಲು

ಇಲ್ಲಿ ಆತುರ ಬೇಡ. ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಜ್. ಅಮೆರಿಕದ ಯಂತ್ರ 120 ವೋಲ್ಟಿನದು, ಜಪಾನಿನ ಗೃಹಬಳಕೆ ವಿದ್ಯುತ್ 100 ವೋಲ್ಟ್. ಪಾಚಿಸ್ಲೋ ಯಂತ್ರ ಒಳಗೆ 24 ವೋಲ್ಟ್ ಎಸಿಯಲ್ಲಿ ಕೆಲಸ ಮಾಡುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಲು ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಸೇರಿಸಿರುತ್ತಾರೆ. ಹಿಂಬದಿಯ ತಗಡಿನ ಮೇಲೆ ಬರೆದಿರುವ ವೋಲ್ಟೇಜನ್ನು ಓದದೆ ಪ್ಲಗ್ ಚುಚ್ಚಲೇಬೇಡಿ.

ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಇದು ಆಟೋ ಟ್ರಾನ್ಸ್‌ಫಾರ್ಮರೋ, ಐಸೋಲೇಷನ್ ಇರುವುದೋ? ಅಗ್ಗದವು ಬಹುತೇಕ ಆಟೋ ಬಗೆಯವು. ಅವುಗಳಲ್ಲಿ ಒಳಬರುವ ಮತ್ತು ಹೊರಹೋಗುವ ಕಡೆಗೆ ಒಂದೇ ಸುರುಳಿ. ಅದರ ಸಾಮಾನ್ಯ ತುದಿ ಕಡಿದರೆ 120 ವೋಲ್ಟಿನ ಯಂತ್ರಕ್ಕೆ 230 ವೋಲ್ಟ್ ನುಗ್ಗಬಹುದು. ಎರಡು ಬೇರೆ ಸುರುಳಿಗಳಿರುವುದನ್ನೇ ಕೊಳ್ಳಿ, ಭಾರ ಹೆಚ್ಚು, ಬೆಲೆಯೂ ಹೆಚ್ಚು, ಆದರೂ ಅದೇ ಸರಿ. ಮೂರು ಪಿನ್ನಿನ ಅರ್ಥ್ ಯಂತ್ರದ ಕಬ್ಬಿಣದ ಮೈಗೆ ತಲುಪುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿ. ಅರ್ಥ್ ಪಿನ್ ಮುರಿದ ಪ್ಲಗ್ಗಿನಲ್ಲಿ ಈ ಯಂತ್ರ ಓಡಿಸಬಾರದು.

ಇನ್ನೊಂದು ಅಪಾಯ ಬಣ್ಣದ್ದು. ನಮ್ಮ ಹಳೆಯ ಮನೆ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕ ಮತ್ತು ಜಪಾನಿನ ವೈರಿಂಗ್‌ನಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ಊರಿನ ಅಭ್ಯಾಸದ ಮೇಲೆ ‘ಕಪ್ಪು ತಾನೇ, ಮುಟ್ಟಿದರೆ ಏನೂ ಆಗಲ್ಲ’ ಎಂದುಕೊಂಡರೆ ಶಾಕ್ ಖಂಡಿತ. ಬಣ್ಣ ನಂಬಬೇಡಿ, ಮೀಟರ್ ನಂಬಿ.

ಕೆಲಸಕ್ಕೆ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಮುಂದೆ ಇಟ್ಟುಕೊಳ್ಳಿ. ಹತ್ತು ನಿಮಿಷ ಬಿಟ್ಟು, ಪವರ್ ಸಪ್ಲೈನ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ವೋಲ್ಟೇಜ್ ಇಳಿದಿದೆಯೇ ಎಂದು ಅಳೆಯಿರಿ. ಹಾಪರ್‌ನಲ್ಲಿ, ಅಂದರೆ ನಾಣ್ಯ ಎಣಿಸಿ ಹೊರಹಾಕುವ ಬುಟ್ಟಿಯಲ್ಲಿ, ಟೋಕನ್ ತುಂಬಿದ್ದರೆ ಮೊದಲು ಖಾಲಿ ಮಾಡಿ. ಕ್ಯಾಸಿನೋ ಯಂತ್ರ ಒಬ್ಬರು ಎತ್ತುವ ತೂಕದ್ದಲ್ಲ. ಬಾಗಿಲು ತೆರೆದಾಗ ಭಾರ ಮುಂದಕ್ಕೆ ವಾಲುತ್ತದೆ. ಮಕ್ಕಳಿರುವ ಮನೆಯಾದರೆ ಸ್ಟ್ಯಾಂಡಿಗೆ ಬೋಲ್ಟ್ ಹಾಕಿ ಬಿಗಿಯುವ ತನಕ ಬಾಗಿಲು ತೆರೆಯಬೇಡಿ.

ಲೂಸ್ ಕಾಂಟ್ಯಾಕ್ಟ್ ಹಿಡಿಯುವ ಬಗೆ

ಮೊದಲು ಮೊಬೈಲಿನಲ್ಲಿ ಫೋಟೊ. ಪ್ರತಿ ಕನೆಕ್ಟರನ್ನೂ ಹತ್ತಿರದಿಂದ, ವೈರಿನ ಬಣ್ಣದ ಸಾಲು ಸ್ಪಷ್ಟವಾಗಿ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಒಂದೇ ಅಳತೆಯ ಎರಡು ಕನೆಕ್ಟರ್ ಅಕ್ಕಪಕ್ಕ ಇದ್ದರೆ ಕಾಗದದ ಟೇಪಿಗೆ ನಂಬರ್ ಬರೆದು ಎರಡೂ ಕಡೆ ಅಂಟಿಸಿ. ಅದಲುಬದಲಾಗಿ ಚುಚ್ಚಿದರೆ 24 ವೋಲ್ಟ್ ಹೋಗಿ 5 ವೋಲ್ಟಿನ ಐಸಿಗೆ ಬಡಿದು, ಇಲ್ಲದ ಬೋರ್ಡ್ ತೊಂದರೆ ನಿಜವಾಗಿಯೂ ಬರುತ್ತದೆ.

ಲಕ್ಷಣ ನೋಡಿ ಜಾಗ ಊಹಿಸಬಹುದು. ರೀಲು ತಿರುಗದೆ ನಡುಗಿದರೆ, ಅದನ್ನು ಹಂತ ಹಂತವಾಗಿ ತಿರುಗಿಸುವ ಸ್ಟೆಪ್ಪರ್ ಮೋಟಾರಿನ ಸುರುಳಿಗಳಲ್ಲಿ ಯಾವುದೋ ಒಂದಕ್ಕೆ ಕರೆಂಟ್ ಹೋಗುತ್ತಿಲ್ಲ, ಆ ರೀಲಿನ ಹಿಂದಿನ ಕನೆಕ್ಟರ್ ನೋಡಿ. ರೀಲು ಸರಾಗವಾಗಿ ತಿರುಗಿಯೂ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಎರರ್ ತೋರಿಸಿದರೆ ಮೋಟಾರ್ ಸರಿಯಿದೆ, ರೀಲಿನ ಸ್ಥಾನ ಓದುವ ಆಪ್ಟಿಕಲ್ ಸೆನ್ಸರಿನ ವೈರು ಅನುಮಾನ. ಸೆನ್ಸರಿನ ಕಣ್ಣಿಗೆ ಧೂಳು ಕೂತಿದ್ದರೂ ಹೀಗೇ ಆಗುತ್ತದೆ. ಮೆತ್ತನೆ ಬ್ರಷ್ಷಿನಲ್ಲಿ ಒರೆಸಿ ನೋಡಿ ಆಮೇಲೆ ವೈರಿಗೆ ಬನ್ನಿ. ಗೆದ್ದರೂ ನಾಣ್ಯ ಬೀಳದಿದ್ದರೆ, ಹಾಪರನ್ನು ಒಳಗೆ ತಳ್ಳಿದಾಗ ಅದು ಕೂಡಿಕೊಳ್ಳುವ ದೊಡ್ಡ ಕನೆಕ್ಟರ್ ನೋಡಿ. ಪ್ರತಿ ಸಲ ಹಾಪರ್ ಎಳೆದು ತಳ್ಳುವಾಗ ಅದರ ಪಿನ್ನುಗಳು ಏಟು ತಿನ್ನುತ್ತವೆ, ಒಂದೆರಡು ಬಾಗಿರುವುದೋ ಹಿಂದಕ್ಕೆ ಸರಿದಿರುವುದೋ ಸಾಮಾನ್ಯ.

ಮೀಟರಿನಲ್ಲಿ ಕಂಟಿನ್ಯುಟಿ ಬೀಪ್ ಬಂದ ಮಾತ್ರಕ್ಕೆ ಕನೆಕ್ಷನ್ ಸರಿಯಿದೆ ಎಂದು ಬಿಡುವುದು ಬಹಳ ಜನ ಮಾಡುವ ಕೆಲಸ. ಸಾಮಾನ್ಯ ಮೀಟರುಗಳು ಹತ್ತಾರು ಓಮ್ ಇದ್ದರೂ ಬೀಪ್ ಹೊಡೆಯುತ್ತವೆ. ಕೆಟ್ಟ ಪಿನ್ನಿನಲ್ಲಿ ಒಂದು ಓಮ್ ಉಳಿದಿದ್ದು, ಒಂದು ಆಂಪಿಯರ್ ಹರಿದರೆ ಅಲ್ಲೇ ಒಂದು ವೋಲ್ಟ್ ನಷ್ಟ, ಒಂದು ವಾಟ್ ಶಾಖ. 5 ವೋಲ್ಟಿನ ಲೈನಿನಲ್ಲಿ ಒಂದು ವೋಲ್ಟ್ ಹೋದರೆ ಬೋರ್ಡ್ ತಲೆಕೆಟ್ಟಂತೆ ವರ್ತಿಸುತ್ತದೆ. ಹಾಗಾಗಿ ಮೀಟರನ್ನು ಓಮ್ ರೇಂಜಿಗೆ ಹಾಕಿ. ಮೊದಲು ಎರಡು ಪ್ರೋಬ್ ಮುಟ್ಟಿಸಿ ಬರುವ ಅಂಕಿಯನ್ನು ಗುರುತಿಟ್ಟುಕೊಂಡು ಅದನ್ನು ಕಳೆಯಿರಿ. ಕನೆಕ್ಟರನ್ನು ಜೋಡಿಸಿಯೇ ಇಟ್ಟು, ಒಂದು ಪ್ರೋಬ್ ವೈರಿನ ಕಡೆ, ಇನ್ನೊಂದು ಬೋರ್ಡಿನ ಹಿಂದಿನ ಸೋಲ್ಡರ್ ಮೇಲೆ ಇಟ್ಟು ಅಳೆಯಿರಿ. ಸೊನ್ನೆಯ ಆಸುಪಾಸು ಬರಬೇಕು. ಅಳೆಯುತ್ತಲೇ ವೈರನ್ನು ಬೆರಳಲ್ಲಿ ಮೆಲ್ಲಗೆ ಅತ್ತಿತ್ತ ಆಡಿಸಿ. ಅಂಕಿ ಕುಣಿದರೆ ಕಳ್ಳ ಸಿಕ್ಕ.

ಕಣ್ಣಿಗೂ ಕೆಲಸ ಕೊಡಿ. ಬಿಳಿ ಪ್ಲಾಸ್ಟಿಕ್ ಹಳದಿ, ಕಂದು ಬಣ್ಣಕ್ಕೆ ತಿರುಗಿದ ಕಡೆ ಪಿನ್ ಬಿಸಿಯಾಗಿದೆ ಎಂದು ಅರ್ಥ. ಪಿನ್ ಮೇಲೆ ಹಸಿರು ಪುಡಿ ಇದ್ದರೆ ತೇವ ಕೂತಿದೆ. ಮಳೆಗಾಲದಲ್ಲಿ ನೆಲಮಾಳಿಗೆಯಲ್ಲೋ ಗ್ಯಾರೇಜಿನಲ್ಲೋ ಇಟ್ಟ ಯಂತ್ರಗಳಲ್ಲಿ ಇದು ಸಾಮಾನ್ಯ. ಇಲಿ ಕಡಿದ ವೈರು, ಹಲ್ಲಿ ಮೊಟ್ಟೆ, ಜಿರಳೆ ಗೂಡು ಎಲ್ಲವೂ ಸಿಗುತ್ತವೆ. ಬೋರ್ಡ್ ಮೇಲಿನ ಹಳೆಯ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿ ಸೋರಿ ಪಕ್ಕದ ಕನೆಕ್ಟರನ್ನು ತಿಂದಿದ್ದರೆ, ಆ ದ್ರವ ಕ್ಷಾರ. ಬ್ಯಾಟರಿ ತೆಗೆದು, ಬಿಳಿ ವಿನೆಗರ್ ಅದ್ದಿದ ಬ್ರಷ್ಷಿನಲ್ಲಿ ಉಜ್ಜಿ, ಶುದ್ಧ ನೀರಿನಲ್ಲಿ ಒರೆಸಿ, ಕೊನೆಗೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಚ್ಚಿ ಚೆನ್ನಾಗಿ ಒಣಗಿಸಿ. ಬ್ಯಾಟರಿ ತೆಗೆದರೆ ಯಂತ್ರದ ನೆನಪಿನಲ್ಲಿರುವ ಸೆಟ್ಟಿಂಗ್ ಅಳಿಸಿಹೋಗಬಹುದು, ಮೊದಲೇ ಬರೆದಿಟ್ಟುಕೊಳ್ಳಿ.

ಎಸ್‌ಪಿ ರಸ್ತೆಗೆ ಹೊರಡುವ ಮುನ್ನ

ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆ, ಅಂದರೆ ಸದರ್ ಪತ್ರಪ್ಪ ರಸ್ತೆ, ಪುರಭವನದಿಂದ ನಡೆದು ಹೋಗುವಷ್ಟು ಹತ್ತಿರ, ಚಿಕ್ಕಪೇಟೆ ಮೆಟ್ರೊದಿಂದಲೂ ಹತ್ತಿರ. ಅಲ್ಲಿ ಸಿಗದ ಕನೆಕ್ಟರ್ ಕಡಿಮೆ. ಆದರೆ ಹೆಸರು ಹೇಳಿ ಕೇಳಿದರೆ ಆಗುವುದಿಲ್ಲ, ಕೆಟ್ಟ ಪೀಸನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಬೋರ್ಡಿನ ಮೇಲಿರುವ ಗಂಡು ಭಾಗದ ಫೋಟೊ ಸ್ಕೇಲ್ ಪಕ್ಕ ಇಟ್ಟು ತೆಗೆದಿರಲಿ. ಅಳತೆಯೇ ಮುಖ್ಯ: ಒಂದು ಪಿನ್ನಿನ ನಡುವಿನಿಂದ ಪಕ್ಕದ ಪಿನ್ನಿನ ನಡುವಿಗೆ ಎಷ್ಟು ದೂರ. ಅದಕ್ಕೆ ಪಿಚ್ ಎನ್ನುತ್ತಾರೆ.

2.54 ಮಿ.ಮೀ. ಪಿಚ್‌ನ, ಬೀಗದ ನಾಲಿಗೆ ಇರುವ ಬಿಳಿ ಕನೆಕ್ಟರನ್ನು ಇಲ್ಲಿನ ಅಂಗಡಿಗಳಲ್ಲಿ ‘ರಿಲಿಮೇಟ್’ ಎಂದೇ ಕೇಳಬೇಕು. ಅದೇ ರೂಪದ, ಸ್ವಲ್ಪ ದಪ್ಪನೆಯದು 3.96 ಮಿ.ಮೀ.; ದೀಪ, ಮೋಟಾರು, ಪವರ್ ಲೈನುಗಳಿಗೆ ಇದು. ಪವರ್ ಸಪ್ಲೈನಿಂದ ಹೊರಡುವ ದುಂಡು ಪಿನ್ನಿನ ದೊಡ್ಡ ಬಿಳಿ ಕನೆಕ್ಟರ್‌ಗಳು ಮೋಲೆಕ್ಸ್ ಮಾದರಿಯವು, ಪಿನ್ನಿನ ದಪ್ಪ 1.57 ಅಥವಾ 2.36 ಮಿ.ಮೀ. ಇವೆರಡನ್ನು ಕಣ್ಣಂದಾಜಿನಲ್ಲಿ ಬೆರೆಸಬೇಡಿ, ವರ್ನಿಯರ್ ಇಟ್ಟು ಅಳೆಯಿರಿ. ಜಪಾನಿನ ಯಂತ್ರದಲ್ಲಿ ಜೆಎಸ್‌ಟಿ ಮಾದರಿ ಸಿಕ್ಕರೆ ಎಚ್ಚರ: ಅದರ ಎಕ್ಸ್‌ಎಚ್ ಸರಣಿಯ ಪಿಚ್ 2.5 ಮಿ.ಮೀ. 2.54ಕ್ಕೂ 2.5ಕ್ಕೂ ಏನು ವ್ಯತ್ಯಾಸ ಎನಿಸಬಹುದು. ಮೂರು ಪಿನ್ನಿನಲ್ಲಿ ಏನೂ ಗೊತ್ತಾಗದು. ಹತ್ತು ಪಿನ್ನಿನಲ್ಲಿ ಆ ಅಂತರ ಕೂಡಿಕೊಂಡು 0.36 ಮಿ.ಮೀ. ಆಗುತ್ತದೆ, ಒತ್ತಿ ಕೂರಿಸಿದರೆ ಕೊನೆಯ ಪಿನ್ನುಗಳು ವಾಲಿ ಮತ್ತೆ ಲೂಸ್ ಕಾಂಟ್ಯಾಕ್ಟ್.

ಹೌಸಿಂಗ್ (ಪಿನ್ನುಗಳು ಕೂರುವ ಪ್ಲಾಸ್ಟಿಕ್ ಕವಚ) ಮತ್ತು ಕ್ರಿಂಪ್ ಪಿನ್ ಬೇರೆ ಬೇರೆಯಾಗಿ ಮಾರುತ್ತಾರೆ, ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯದನ್ನು ಕೊಳ್ಳಿ. ಪಿನ್ ಬೇಕಾದ್ದಕ್ಕಿಂತ ಮೂರ್ನಾಲ್ಕು ಪಟ್ಟು ಇರಲಿ, ಕೈ ಕುದುರುವ ತನಕ ಕೆಲವು ಹಾಳಾಗುತ್ತವೆ. ಬೋರ್ಡಿನ ಪಿನ್ ತವರ ಲೇಪನದ್ದಾದರೆ ತವರದ್ದೇ, ಚಿನ್ನದ ಲೇಪನದ್ದಾದರೆ ಚಿನ್ನದ್ದೇ ತನ್ನಿ. ಬೆರಸಿದರೆ ಕಾಲಕ್ರಮದಲ್ಲಿ ತವರ ಕೆಡುತ್ತದೆ. ಇನ್ನು ಬೇಕಾದದ್ದು: ರ‍್ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್ (ಎಸ್‌ಎನ್-28ಬಿ ಎಂದು ಕೇಳಿದರೆ ಸಣ್ಣ ಪಿನ್ನುಗಳಿಗಾಗುವುದು ಕೊಡುತ್ತಾರೆ), ವೈರ್ ಸ್ಟ್ರಿಪ್ಪರ್, ಹೀಟ್ ಶ್ರಿಂಕ್ ಸ್ಲೀವ್, ಐಪಿಎ, 25 ವಾಟಿನ ಸೋಲ್ಡರಿಂಗ್ ಐರನ್, 60/40 ಸೋಲ್ಡರ್ ವೈರು, ದುಂಡು ಪಿನ್ನಿಗೆ ಕೊಳವೆಯಂಥ ಪಿನ್ ಎಕ್ಸ್‌ಟ್ರಾಕ್ಟರ್. ಮೂಗಿಕ್ಕಳದಲ್ಲಿ ಅಮುಕಿ ಕ್ರಿಂಪ್ ಮಾಡಬಹುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಟೂಲಿಗೆ ಹಾಕುವ ದುಡ್ಡು ಈ ಕೆಲಸದಲ್ಲಿ ಅತ್ಯಂತ ಸಾರ್ಥಕ ಖರ್ಚು.

ಹಳೆ ಪಿನ್ ಹೊರಗೆ

ಕನೆಕ್ಟರ್ ಕೀಳುವಾಗ ಹೌಸಿಂಗ್ ಹಿಡಿಯಿರಿ, ವೈರಿನ ಗೊಂಚಲು ಹಿಡಿದು ಎಳೆಯಬೇಡಿ. ಬೀಗದ ನಾಲಿಗೆಯನ್ನು ಉಗುರಿನಲ್ಲಿ ಎತ್ತಿ, ಎಡ ಬಲ ಸ್ವಲ್ಪ ಸ್ವಲ್ಪವೇ ಜಾರಿಸಿ. ಹಳೆ ಪ್ಲಾಸ್ಟಿಕ್ ಗಡುಸಾಗಿರುತ್ತದೆ, ಜೋರು ಮಾಡಿದರೆ ನಾಲಿಗೆ ಪಟ್ಟನೆ ಮುರಿಯುತ್ತದೆ.

ರಿಲಿಮೇಟ್ ಬಗೆಯಲ್ಲಿ ಹೌಸಿಂಗ್‌ನ ಪಕ್ಕದಲ್ಲಿ ಸಣ್ಣ ಕಿಟಕಿಗಳಿರುತ್ತವೆ. ಪಿನ್ನಿಗೆ ಒಂದು ಸಣ್ಣ ಕೊಕ್ಕೆ, ಅದು ಆ ಕಿಟಕಿಯಲ್ಲಿ ಸಿಕ್ಕಿಕೊಂಡಿರುತ್ತದೆ. ವೈರನ್ನು ಮೊದಲು ಒಳಕ್ಕೆ ತಳ್ಳಿ, ಕೊಕ್ಕೆಯ ಮೇಲಿನ ಒತ್ತಡ ಸಡಿಲವಾಗುತ್ತದೆ. ಸೂಜಿಯ ತುದಿಯಲ್ಲಿ ಕೊಕ್ಕೆ ಅದುಮಿ ಹಿಡಿದು ವೈರನ್ನು ಹಿಂದಕ್ಕೆ ಎಳೆಯಿರಿ. ಬರದಿದ್ದರೆ ಜೋರು ಮಾಡದೆ ಮತ್ತೆ ತಳ್ಳಿ, ಮತ್ತೆ ಅದುಮಿ. ದುಂಡು ಪಿನ್ನಿಗೆ ಕೊಕ್ಕೆ ಎರಡು ಕಡೆ ಇರುವುದರಿಂದ ಮುಂಭಾಗದಿಂದ ಎಕ್ಸ್‌ಟ್ರಾಕ್ಟರ್ ಕೊಳವೆ ತೂರಿಸಿ ಎರಡನ್ನೂ ಒಟ್ಟಿಗೆ ಮಡಿಸಬೇಕು.

ಒಂದು ಸಲಕ್ಕೆ ಒಂದೇ ಪಿನ್. ತೆಗೆದ ಪಿನ್ ಬದಲಿಸಿ, ಅದರ ಮನೆಗೆ ಸೇರಿಸಿ, ಆಮೇಲೆ ಮುಂದಿನದು. ಹೀಗೆ ಮಾಡಿದರೆ ವೈರು ತಪ್ಪುವ ಪ್ರಶ್ನೆಯೇ ಇಲ್ಲ.

ಹಳೆಯ ಯಂತ್ರಗಳಲ್ಲಿ ಪಿನ್ನಿನ ಬದಲು ಸೀಳಿದ ತಗಡಿನ ನಡುವೆ ವೈರನ್ನು ಸಿಪ್ಪೆ ಸಮೇತ ಒತ್ತಿ ಕೂರಿಸಿದ ಕನೆಕ್ಟರ್ ಕಾಣಬಹುದು. ಕಾರ್ಖಾನೆಯಲ್ಲಿ ಬೇಗ ಆಗಲೆಂದು ಮಾಡಿದ ಉಪಾಯ ಅದು. ವರ್ಷಗಳು ಕಳೆದಂತೆ ತಗಡಿನ ಹಿಡಿತ ಸಡಿಲವಾಗುತ್ತದೆ. ಅದನ್ನು ಮತ್ತೆ ಒತ್ತಿ ಸರಿಮಾಡುವ ಪ್ರಯತ್ನ ಬೇಡ. ಅದೇ ಪಿಚ್‌ನ ಕ್ರಿಂಪ್ ಬಗೆಗೆ ಇಡೀ ಕನೆಕ್ಟರ್ ಬದಲಿಸಿ.

ಹೊಸ ಪಿನ್ ಕ್ರಿಂಪ್ ಮಾಡುವುದು

ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತಾ ಹೋಗಿ. ಬಿಸಿ ತಿಂದ ತಾಮ್ರ ಕಪ್ಪಾಗಿರುತ್ತದೆ, ಅದರ ಮೇಲೆ ಕ್ರಿಂಪ್ ನಿಲ್ಲದು. ಗಿಡ್ಡವಾಯಿತೆಂದು ಕಪ್ಪು ತಾಮ್ರವನ್ನೇ ಬಳಸುವುದಕ್ಕಿಂತ, ಅದೇ ದಪ್ಪದ ವೈರಿನ ತುಂಡೊಂದನ್ನು ಸೋಲ್ಡರ್ ಮಾಡಿ ಸ್ಲೀವ್ ಹಾಕಿ ಉದ್ದ ಮಾಡಿಕೊಳ್ಳಿ. ಅಂಥ ಜೋಡಣೆಗಳು ಹಲವು ಇದ್ದರೆ ಒಂದೇ ಸಾಲಿಗೆ ಬರದಂತೆ ಹಿಂದೆ ಮುಂದೆ ಇರಲಿ, ಇಲ್ಲದಿದ್ದರೆ ಅಲ್ಲೊಂದು ಗಂಟು ಕಟ್ಟುತ್ತದೆ. ಬಾಗಿಲ ಕೀಲಿನ ಹತ್ತಿರ ಮಾತ್ರ ಈ ಜೋಡಣೆ ಕೂಡದು.

ಸುಮಾರು 3 ಮಿ.ಮೀ. ಸಿಪ್ಪೆ ಬಿಡಿಸಿ, ಒಂದು ಎಳೆಯೂ ಕಡಿಯಬಾರದು. ಎಳೆಗಳನ್ನು ಮೆಲ್ಲಗೆ ಒಂದು ಸುತ್ತು ಹೊಸೆಯಿರಿ. ಪಿನ್ನಿನಲ್ಲಿ ಎರಡು ಜೊತೆ ರೆಕ್ಕೆಗಳು: ಮುಂದಿನ ಸಣ್ಣ ಜೊತೆ ತಾಮ್ರ ಹಿಡಿಯಲು, ಹಿಂದಿನ ದೊಡ್ಡ ಜೊತೆ ಸಿಪ್ಪೆ ಹಿಡಿಯಲು. ಇಡೀ ಕೆಲಸದ ಪ್ರಾಣ ಇಲ್ಲಿದೆ. ಸಿಪ್ಪೆ ಮುಂದಿನ ರೆಕ್ಕೆಗೆ ಸಿಕ್ಕರೆ ಕರೆಂಟ್ ಹೋಗದು. ಬರಿ ತಾಮ್ರ ಹಿಂದಿನ ರೆಕ್ಕೆಗೆ ಸಿಕ್ಕರೆ ಎಳೆತವೆಲ್ಲ ಎಳೆಗಳ ಮೇಲೆ ಬಿದ್ದು ವೈರು ಕುತ್ತಿಗೆಯಲ್ಲಿ ಮುರಿಯುತ್ತದೆ. ಎರಡು ರೆಕ್ಕೆಗಳ ನಡುವಿನ ಸಂದಿಯಲ್ಲಿ ತಾಮ್ರವೂ ಸಿಪ್ಪೆಯೂ ಎರಡೂ ಕಾಣಬೇಕು, ಮುಂದಿನ ರೆಕ್ಕೆಯ ಆಚೆ ಎಳೆಗಳ ತುದಿ ಸ್ವಲ್ಪವೇ ಇಣುಕಬೇಕು. ಪಿನ್ನನ್ನು ಟೂಲಿನ ಸರಿಯಾದ ಹಲ್ಲಿನಲ್ಲಿ ರೆಕ್ಕೆ ಮೇಲ್ಮುಖವಾಗಿ ಇಟ್ಟು, ಮೊದಲು ರ‍್ಯಾಚೆಟ್‌ನ ಒಂದೆರಡು ಕ್ಲಿಕ್ ಅದುಮಿ ಪಿನ್ ಜಾರದಂತೆ ಮಾಡಿ, ವೈರು ತೂರಿಸಿ, ಟೂಲ್ ತಾನಾಗಿ ಬಿಡುವ ತನಕ ಪೂರ್ತಿ ಅದುಮಿ.

ಎಳೆದು ನೋಡಿ. ಕೈಯಲ್ಲಿ ಗಟ್ಟಿಯಾಗಿ ಎಳೆದರೂ ಬರಬಾರದು. ಬಂದರೆ ಪಿನ್ ಎಸೆಯಿರಿ, ಒಮ್ಮೆ ಮಡಿಸಿದ ಪಿನ್ ಬಿಡಿಸಿ ಮತ್ತೆ ಬಳಸುವಂಥದ್ದಲ್ಲ.

‘ಭದ್ರತೆಗೆ ಒಂದು ಹನಿ ಸೋಲ್ಡರ್ ಹಾಕಿಬಿಡೋಣ’ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಸೋಲ್ಡರ್ ಎಳೆಗಳ ನಡುವೆ ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಸಿಪ್ಪೆಯೊಳಗೆ ಏರಿ, ಬಳುಕುವ ವೈರನ್ನು ಕಡ್ಡಿಯಾಗಿಸುತ್ತದೆ. ಕಡ್ಡಿ ಮುಗಿದು ಬಳುಕು ಶುರುವಾಗುವ ಬಿಂದುವಿನಲ್ಲಿ ಕೆಲವೇ ತಿಂಗಳಲ್ಲಿ ಅದು ಮುರಿಯಬಹುದು. ಸರಿಯಾದ ಕ್ರಿಂಪಿಗೆ ಸೋಲ್ಡರ್ ಬೇಕಿಲ್ಲ.

ಕೊಕ್ಕೆ ಹೊರಕ್ಕೆ ಚಾಚಿದೆಯೇ ನೋಡಿ ಹೌಸಿಂಗ್‌ಗೆ ತೂರಿಸಿ. ‘ಟಿಕ್’ ಎಂಬ ಸದ್ದು ಬರಬೇಕು, ಆಮೇಲೆ ಹಿಂದಕ್ಕೆ ಎಳೆದರೆ ಬರಬಾರದು.

ಬೋರ್ಡಿನ ಕಡೆಯ ಪಿನ್

ಹೊಸ ಹೆಣ್ಣು ಪಿನ್ನನ್ನು ಸುಟ್ಟ ಗಂಡು ಪಿನ್ನಿಗೆ ಜೋಡಿಸಿದರೆ ಹೊಸದೂ ಸುಡುತ್ತದೆ. ಕಪ್ಪಾಗಿರುವ, ಲೇಪನ ಎದ್ದಿರುವ ಹೆಡರ್, ಅಂದರೆ ಬೋರ್ಡಿನ ಮೇಲಿನ ಗಂಡು ಪಿನ್ನುಗಳ ಸಾಲು, ಬದಲಿಸಲೇಬೇಕು. ಬರೀ ಕೊಳೆಯಾದರೆ ಐಪಿಎ ಮತ್ತು ಬ್ರಷ್ ಸಾಕು. ಉಪ್ಪುಕಾಗದದಲ್ಲಿ ಉಜ್ಜಿದರೆ ಲೇಪನವೇ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆದರೆ ಜಿಡ್ಡು ಉಳಿದು ಧೂಳು ಅಂಟುತ್ತದೆ.

ಬೋರ್ಡ್ ತಿರುಗಿಸಿ ಪ್ರತಿ ಪಿನ್ನಿನ ಸೋಲ್ಡರನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಂಡರೆ ಅದು ಬಿರುಕು. ಹಳೆ ಸೋಲ್ಡರನ್ನು ಡೀಸೋಲ್ಡರ್ ಪಂಪಿನಲ್ಲಿ ಹೀರಿ, ಫ್ಲಕ್ಸ್ ಹಚ್ಚಿ ಹೊಸದಾಗಿ ಹಾಕಿ. ಹಳೆಯದರ ಮೇಲೆ ಬರೀ ಐರನ್ ಇಟ್ಟು ಕರಗಿಸಿದರೆ ಬಿರುಕು ಬೇಗ ಮರಳುತ್ತದೆ. ಹೆಡರ್ ತೆಗೆಯುವಾಗ ಮೊದಲು ಪ್ಲಾಸ್ಟಿಕ್ ಕತ್ತರಿಸಿ ಬೇರ್ಪಡಿಸಿ, ಪಿನ್ನುಗಳನ್ನು ಒಂದೊಂದಾಗಿ ತೆಗೆಯಿರಿ. ಒಟ್ಟಿಗೆ ಎಳೆದರೆ ತಾಮ್ರದ ಗೆರೆಯೇ ಕಿತ್ತು ಬರುತ್ತದೆ.

ಬಾಗಿಲ ಕೀಲಿನ ವೈರು

ಬಾಗಿಲಿಗೆ ಹೋಗುವ ವೈರುಗಳು ಪ್ರತಿ ಸಲ ತೆರೆದು ಮುಚ್ಚುವಾಗ ಬಾಗುತ್ತವೆ. ಸಿಪ್ಪೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಾಮ್ರ ಕಡಿದಿರುತ್ತದೆ. ಕೀಲಿನ ಬಳಿ ಒಂದೊಂದೇ ವೈರನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ಯಾವುದು ರಬ್ಬರಿನಂತೆ ಹಿಗ್ಗುತ್ತದೋ ಅದರೊಳಗೆ ತಾಮ್ರವಿಲ್ಲ. ಅದನ್ನು ಕನೆಕ್ಟರಿನಿಂದ ಕನೆಕ್ಟರಿನವರೆಗೆ ಪೂರ್ತಿ ಬದಲಿಸಿ, ಸಣ್ಣ ಎಳೆಗಳು ಹೆಚ್ಚಿರುವ ಮೆತ್ತನೆ ವೈರು ಬಳಸಿ. ಕೀಲಿನ ಬಳಿ ಉದಾರವಾಗಿ ಒಂದು ಸಡಿಲ ಬಳಸು ಬಿಟ್ಟು ಸ್ಪೈರಲ್ ಸುತ್ತಿ, ಎರಡೂ ತುದಿಯಲ್ಲಿ ಕೇಬಲ್ ಟೈ ಕಟ್ಟಿ, ಟೈ ಬಿಗಿದು ಸಿಪ್ಪೆ ಅಮುಕಬಾರದು. ಬಾಗಿಲನ್ನು ನಿಧಾನವಾಗಿ ಮುಚ್ಚುತ್ತಾ, ಎಲ್ಲಾದರೂ ವೈರು ಸಿಕ್ಕಿಕೊಳ್ಳುತ್ತದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಬಾಗಿಲ ಸ್ವಿಚ್ಚಿನ ವೈರು ಹೋಗಿದ್ದರೆ ಎರಡು ತುದಿ ಕೂಡಿಸಿ ಯಂತ್ರಕ್ಕೆ ‘ಮುಚ್ಚಿದೆ’ ಎಂದು ನಂಬಿಸುವುದು ಸುಲಭ. ಪರೀಕ್ಷೆಗೆ ಒಂದು ಕ್ಷಣ ಮಾಡಿದರೆ ತಪ್ಪಿಲ್ಲ, ಹಾಗೇ ಬಿಡಬೇಡಿ. ಬಾಗಿಲು ತೆರೆದಿರುವಾಗ ಹಾಪರ್ ತಿರುಗಿದರೆ ಬೆರಳು ಅದರೊಳಗೆ ಇರಬಹುದು.

ಕರೆಂಟ್ ಕೊಡುವ ಹೊತ್ತು

ಪ್ಲಗ್ ಇನ್ನೂ ಹೊರಗಿರುವಾಗಲೇ ಹೊಸ ಕನೆಕ್ಟರಿನ ಅಕ್ಕಪಕ್ಕದ ಪಿನ್ನುಗಳ ನಡುವೆ ಶಾರ್ಟ್ ಇದೆಯೇ ಅಳೆಯಿರಿ. ಒಂದನೇ ಪಿನ್ನಿನ ದಿಕ್ಕು, ವೈರಿನ ಬಣ್ಣದ ಸಾಲು ಎರಡನ್ನೂ ಹಳೆ ಫೋಟೊ ಪಕ್ಕ ಇಟ್ಟು ಹೋಲಿಸಿ. ತಪ್ಪಾಗಿ ಚುಚ್ಚದಿರಲೆಂದು ಹಳೆಯ ಹೌಸಿಂಗ್‌ನಲ್ಲಿ ಒಂದು ತೂತು ಮುಚ್ಚಿದ್ದರೆ, ಹೊಸದರಲ್ಲೂ ಅದೇ ತೂತನ್ನು ಮುಚ್ಚಿ.

ನಮ್ಮ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ ಇಲ್ಲಿ ಬಹಳ ಉಪಕಾರಿ. 100 ವಾಟಿನ ಹಳೆ ತಂತಿ ಬಲ್ಬು, ಎಲ್‌ಇಡಿ ಅಲ್ಲ, ಫೇಸ್ ಲೈನಿನಲ್ಲಿ ಸರಣಿಯಾಗಿ ಇರಬೇಕು. ಅದನ್ನು ಸ್ಟೆಪ್‌ಡೌನಿನ 230 ವೋಲ್ಟ್ ಕಡೆಗೆ ಹಾಕಿ. ಬಲ್ಬು ಒಮ್ಮೆ ಮಿಂಚಿ ಮಂದವಾದರೆ ಶಾರ್ಟ್ ಇಲ್ಲ. ಪೂರ್ತಿ ಉರಿದು ಹಾಗೇ ನಿಂತರೆ ತಕ್ಷಣ ಆರಿಸಿ, ಎಲ್ಲೋ ಶಾರ್ಟ್ ಇದೆ. ಬಲ್ಬು ಸರಣಿಯಲ್ಲಿರುವಾಗ ವೋಲ್ಟೇಜ್ ಇಳಿದಿರುವುದರಿಂದ ಯಂತ್ರ ಪೂರ್ತಿ ಏಳದಿರಬಹುದು, ಅದಕ್ಕೆ ಗಾಬರಿ ಬೇಡ. ಇದು ಶಾರ್ಟ್ ನೋಡಲಷ್ಟೇ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ, ತಂತಿ ಕಟ್ಟಬೇಡಿ.

ಈಗ ನೇರ ಕರೆಂಟ್ ಕೊಟ್ಟು, ಯಂತ್ರದ ಪರೀಕ್ಷಾ ವಿಧಾನದಲ್ಲಿ ರೀಲು, ದೀಪ, ಗುಂಡಿ, ಹಾಪರ್ ಒಂದೊಂದಾಗಿ ಓಡಿಸಿ. 5 ವೋಲ್ಟ್ ಲೈನನ್ನು ಪವರ್ ಸಪ್ಲೈ ಬಳಿ ಒಮ್ಮೆ, ಬೋರ್ಡಿನ ಮೇಲೆ ಒಮ್ಮೆ ಅಳೆಯಿರಿ. ಎರಡರ ನಡುವೆ 0.2 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ದಾರಿಯಲ್ಲಿ ಇನ್ನೊಂದು ಕೆಟ್ಟ ಪಿನ್ ಇದೆ; ನೆಲದ ವೈರು, ಅಂದರೆ ಗ್ರೌಂಡ್ ಪಿನ್ನುಗಳನ್ನೂ ಮರೆಯದೆ ನೋಡಿ. ಒಂದು ಗಂಟೆ ಆಡಿದ ಮೇಲೆ ಪ್ಲಗ್ ಕಿತ್ತು, ಕೆಪ್ಯಾಸಿಟರ್ ಇಳಿದ ನಂತರ ದುರಸ್ತಿ ಮಾಡಿದ ಕನೆಕ್ಟರಿನ ಮೇಲೆ ಬೆರಳಿಡಿ. ಬೆಚ್ಚಗಿದ್ದರೆ ಅಲ್ಲಿ ಸಂಪರ್ಕ ಇನ್ನೂ ಸರಿಯಾಗಿಲ್ಲ, ಕ್ರಿಂಪನ್ನೂ ಬೋರ್ಡಿನ ಕಡೆಯ ಹೆಡರನ್ನೂ ಮತ್ತೆ ನೋಡಿ. ಉಳಿದ ಪಿನ್ನುಗಳನ್ನು ಸಣ್ಣ ಕವರಿನಲ್ಲಿ ಹಾಕಿ, ಪಿಚ್ ಎಷ್ಟು ಎಂದು ಮೇಲೆ ಬರೆದು, ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸಿಡಿ.